ಮನೋರೋಗದ ಔಷಧಗಳು ಮತ್ತು ಕ್ಯಾನ್ಸರ್

ಮಾನಸಿಕ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ಸೇವಿಸುವವರನ್ನೂ ಅವರ ಮನೆಯವರನ್ನೂ ಕಾಡುವ ಆತಂಕವೊಂದಿದೆ: ಈ ಮಾತ್ರೆಗಳಿಂದ ಕ್ಯಾನ್ಸರ್ ಬಂದೀತೆ? ಇದಕ್ಕೆ ಒಂದೇ ಮಾತಿನ ಉತ್ತರವಿಲ್ಲ. ಒಂದೊಂದು ಔಷಧವೂ ದೇಹದಲ್ಲಿ ಒಂದೊಂದು ಬಗೆಯಲ್ಲಿ ವರ್ತಿಸುವುದರಿಂದ ಅವನ್ನು ಬೇರೆಬೇರೆಯಾಗಿಯೇ ಪರಿಶೀಲಿಸಬೇಕಾಗುತ್ತದೆ.

ಖಿನ್ನತೆಯ ಔಷಧಗಳು: ಅಮಿಟ್ರಿಪ್ಟಿಲಿನ್ ಮತ್ತು ಫ್ಲುವಾಕ್ಸೆಟಿನ್ ಔಷಧಗಳು ಇಲಿಗಳಲ್ಲಿ ಗಡ್ಡೆಗಳ ಬೆಳವಣಿಗೆಯನ್ನು ಹೆಚ್ಚಿಸುತ್ತವೆ ಎಂದು ಕೆನಡಾದ ಲಾರ್ನ್ ಬ್ರಾಂಡಿಸ್ ಮತ್ತು ಸಂಗಡಿಗರು 1992ರಲ್ಲಿ ವರದಿ ಮಾಡಿದ್ದರು. ಆದರೆ ಇಲಿಗಳಿಗೆ ಎರಡು ವರ್ಷ ಕಾಲ ಫ್ಲುವಾಕ್ಸೆಟಿನ್ ನೀಡಿ ನಡೆಸಿದ ಪರೀಕ್ಷೆಗಳಲ್ಲಿ ಅದು ಕ್ಯಾನ್ಸರ್‌ಕಾರಕ ಎಂಬುದಕ್ಕೆ ಪುರಾವೆ ದೊರೆಯಲಿಲ್ಲ. ಈ ಔಷಧಗಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆ ಎಂಬುದೂ ಸಾಬೀತಾಗಿಲ್ಲ.

ಟ್ಯಾಮಾಕ್ಸಿಫೆನ್ ಜೊತೆ ಎಚ್ಚರ: ಸ್ತನ ಕ್ಯಾನ್ಸರ್ ಮರುಕಳಿಸದಂತೆ ನೀಡುವ ಟ್ಯಾಮಾಕ್ಸಿಫೆನ್, ಯಕೃತ್ತಿನ ಕಿಣ್ವವೊಂದರ ನೆರವಿನಿಂದ ಎಂಡಾಕ್ಸಿಫೆನ್ ಆಗಿ ಮಾರ್ಪಟ್ಟ ನಂತರವೇ ಹೆಚ್ಚು ಪರಿಣಾಮಕಾರಿ. ಖಿನ್ನತೆಗೆ ಕೊಡುವ ಪರಾಕ್ಸೆಟಿನ್ ಈ ಕಿಣ್ವವನ್ನು ತಡೆಯುತ್ತದೆ. ಕೆನಡಾದ ಒಂಟಾರಿಯೋದಲ್ಲಿ 2,430 ಮಹಿಳೆಯರನ್ನು ಕುರಿತು 2010ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಇವೆರಡನ್ನೂ ಒಟ್ಟಿಗೆ ಸೇವಿಸಿದ ಅವಧಿ ಹೆಚ್ಚಿದಂತೆ ಸ್ತನ ಕ್ಯಾನ್ಸರ್‌ನಿಂದ ಸಾಯುವ ಅಪಾಯವೂ ಹೆಚ್ಚಿತ್ತು. ನಂತರದ ಕೆಲವು ಅಧ್ಯಯನಗಳಲ್ಲಿ ಈ ವ್ಯತ್ಯಾಸ ಕಂಡುಬಂದಿಲ್ಲ. ಆದರೂ ಟ್ಯಾಮಾಕ್ಸಿಫೆನ್ ಸೇವಿಸುವವರಿಗೆ ಈ ಕಿಣ್ವವನ್ನು ಅಷ್ಟಾಗಿ ಬಾಧಿಸದ ವೆನ್ಲಾಫ್ಯಾಕ್ಸಿನ್‌ನಂಥ ಔಷಧವನ್ನು ವೈದ್ಯರು ಆಯ್ದುಕೊಳ್ಳುವುದುಂಟು.

ಪ್ರೊಲ್ಯಾಕ್ಟಿನ್ ಏರಿಕೆ: ಸ್ಕಿಜೋಫ್ರೇನಿಯಾಕ್ಕೆ ಬಳಸುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್ ಮುಂತಾದವು ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ಏರಿಸುತ್ತವೆ. ಇದು ಸ್ತನದ ಜೀವಕೋಶಗಳ ಬೆಳವಣಿಗೆಗೆ ಪ್ರಚೋದನೆ ನೀಡುವ ಹಾರ್ಮೋನು. ಫಿನ್ಲೆಂಡಿನಲ್ಲಿ ಸ್ಕಿಜೋಫ್ರೇನಿಯಾ ಇರುವ ಮಹಿಳೆಯರ ಬಗ್ಗೆ 2021ರಲ್ಲಿ ಹೊರಬಂದ ಅಧ್ಯಯನದಲ್ಲಿ, ಇಂಥ ಔಷಧಗಳನ್ನು ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಸೇವಿಸಿದವರಲ್ಲಿ ಸ್ತನ ಕ್ಯಾನ್ಸರಿನ ಸಂಭವ ಸುಮಾರು ಒಂದೂವರೆ ಪಟ್ಟು ಇತ್ತು. ಪ್ರೊಲ್ಯಾಕ್ಟಿನ್ ಏರಿಸದ ಕ್ಲೋಜಪಿನ್, ಕ್ವೆಟಿಯಾಪಿನ್, ಅರಿಪಿಪ್ರಜೋಲ್ ಸೇವಿಸಿದವರಲ್ಲಿ ಅಂಥ ಏರಿಕೆ ಕಾಣಲಿಲ್ಲ. ಇದು ಸಂಬಂಧವನ್ನು ತೋರಿಸುವ ಅಧ್ಯಯನವೇ ಹೊರತು ಔಷಧವೇ ಕಾರಣವೆಂದು ಸಿದ್ಧಪಡಿಸುವುದಿಲ್ಲ.

ಬೆಳವಣಿಗೆ ತಡೆಯುವ ಔಷಧ: ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. ಮೂರ್ಛೆರೋಗ ಮತ್ತು ಉನ್ಮಾದಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್, ವಂಶವಾಹಿಗಳ ಚಟುವಟಿಕೆಯನ್ನು ನಿಯಂತ್ರಿಸುವ ಕಿಣ್ವಗಳನ್ನು ತಡೆಯುತ್ತದೆಂದು 2001ರಲ್ಲಿ ತಿಳಿದುಬಂತು. ಪ್ರಯೋಗಶಾಲೆಯಲ್ಲಿ ಇದು ಕೆಲವು ಕ್ಯಾನ್ಸರ್ ಕೋಶಗಳ ವಿಭಜನೆಯನ್ನು ಕುಗ್ಗಿಸಿದೆ. ಹಾಗೆಂದು ಅದು ಕ್ಯಾನ್ಸರಿಗೆ ಮದ್ದಾಗಿ ಸಿದ್ಧವಾಗಿಲ್ಲ.

ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶ, ಪಂಜರದ ಇಲಿ, ಮನುಷ್ಯ ಇವುಗಳಲ್ಲಿ ಕಂಡ ಫಲಿತಾಂಶಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿದರೆ ಕಾಯಿಲೆ ಮರುಕಳಿಸಿ ಜೀವಕ್ಕೇ ಅಪಾಯ ಬರಬಹುದು. ತಾವು ಸೇವಿಸುವ ಎಲ್ಲ ಔಷಧಗಳ ಪಟ್ಟಿಯನ್ನು ಮನೋವೈದ್ಯರಿಗೂ ಕ್ಯಾನ್ಸರ್ ತಜ್ಞರಿಗೂ ತೋರಿಸುವುದು, ಸ್ತನದಲ್ಲಿ ಗಂಟು ಕಂಡರೆ ಅಥವಾ ಬಾಣಂತಿಯಲ್ಲದಿದ್ದರೂ ಹಾಲು ಒಸರಿದರೆ ಕೂಡಲೇ ವೈದ್ಯರಿಗೆ ತಿಳಿಸುವುದು ವಿವೇಕದ ದಾರಿ.