ಮುಸುಕಿನ ಜೋಳದ ಕಾಳಿಗೊಂದು ಜಾತಕ

ಮಳೆ ಹನಿಯುವಾಗ ಕೆಂಡದಲ್ಲಿ ಸುಟ್ಟು, ನಿಂಬೆಹಣ್ಣಿನ ಹೋಳಿನಿಂದ ಉಪ್ಪು-ಖಾರ ಸವರಿ ಕೊಡೋ ಮುಸುಕಿನ ಜೋಳ ಯಾರಿಗೆ ಇಷ್ಟವಿಲ್ಲ ಹೇಳಿ? ಅದೇ ಜೋಳಕ್ಕೆ ದೂರದ ಅಮೆರಿಕದಲ್ಲಿ ಬಂದ ಒಂದು ರೋಗದ ಕಥೆ ಇದು.

1897ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಸಿಹಿ ಜೋಳದ ಗಿಡಗಳು ಬಾಡಿ ಒಣಗುವುದನ್ನು ಎಫ್. ಸಿ. ಸ್ಟೂವರ್ಟ್ ವಿವರಿಸಿದರು. ಗಿಡದ ನೀರಿನ ನಾಳಗಳಲ್ಲಿ ಬ್ಯಾಕ್ಟೀರಿಯಾ ಸೇರಿ ಹಳದಿ ಅಂಟು ತುಂಬಿಕೊಳ್ಳುತ್ತಿತ್ತು. ಪೈಪು ಕಟ್ಟಿಕೊಂಡ ಹಾಗೆ! ಮರುವರ್ಷ ಎರ್ವಿನ್ ಸ್ಮಿತ್ ಅದಕ್ಕೆ ಸ್ಟೂವರ್ಟರ ಹೆಸರನ್ನೇ ಇಟ್ಟರು. ಕುಲನಾಮ ಆಮೇಲೆ ಬದಲಾಗುತ್ತಾ 1993ರಲ್ಲಿ 'ಪ್ಯಾಂಟೋಯಿಯ' ಆಯ್ತು, ಸ್ಟೂವರ್ಟ್ ಮಾತ್ರ ಉಳಿದರು.

ರೋಗ ಹರಡುವ ದೊಡ್ಡ ಕಳ್ಳ ಒಂದು ಪುಟಾಣಿ ಜೀರುಂಡೆ. ಬ್ಯಾಕ್ಟೀರಿಯಾ ಚಳಿಗಾಲ ಕಳೆಯೋದು ಅದರ ಹೊಟ್ಟೆಯಲ್ಲಿ. 1934ರಲ್ಲಿ ನೀಲ್ ಸ್ಟೀವನ್ಸ್ ಒಂದು ಸರಳ ಲೆಕ್ಕ ಕೊಟ್ಟರು: ಡಿಸೆಂಬರ್, ಜನವರಿ, ಫೆಬ್ರವರಿ, ಈ ಮೂರು ತಿಂಗಳ ಸರಾಸರಿ ಉಷ್ಣತೆಯನ್ನು ಫ್ಯಾರನ್‌ಹೀಟಿನಲ್ಲಿ ಕೂಡಿಸಿ. ಮೊತ್ತ 100 ದಾಟಿದರೆ ಜೀರುಂಡೆಗಳು ಬದುಕಿವೆ, ರೋಗ ಜೋರು. 90ಕ್ಕಿಂತ ಕಡಿಮೆಯಾದರೆ ನಿಶ್ಚಿಂತೆ. ಮೂರು ಸಾಲಿನ ಪ್ರೋಗ್ರಾಂ ಸಾಕು! ದಿನವಿಡೀ ಕೋಡ್ ಬರೆಯೋ ನನಗೆ ಹೊಟ್ಟೆಕಿಚ್ಚಾಯ್ತು.

ಆದರೆ ಕಡಲಾಚೆಗೆ ಜೀರುಂಡೆ ಹಾರಿಹೋಗಲಾರದು, ಬಿತ್ತನೆ ಬೀಜ ಹೋಗುತ್ತೆ. ಬೀಜದಿಂದ ಗಿಡಕ್ಕೆ ರೋಗ ದಾಟೋದು ತೀರಾ ಅಪರೂಪ. ಆದರೂ ಹಲವು ದೇಶಗಳು 'ಈ ಬೀಜದಲ್ಲಿ ರೋಗವಿಲ್ಲ' ಅನ್ನೋ ಪ್ರಮಾಣಪತ್ರ ಕೇಳುತ್ತವೆ. ಅದಕ್ಕೇ ಪಿಸಿಆರ್ ಪರೀಕ್ಷೆ: ಬೀಜದಿಂದ ತೆಗೆದ ಡಿಎನ್‌ಎಯಲ್ಲಿ ಈ ಬ್ಯಾಕ್ಟೀರಿಯಾದ ಗುರುತಿನ ತುಣುಕು ಇದ್ದರೆ ಅದು ಕೋಟಿಗಟ್ಟಲೆ ಪ್ರತಿಯಾಗಿ ಕಾಣಿಸುತ್ತೆ.

ಇಲ್ಲೊಂದು ತಕರಾರಿದೆ. ಈ ಬ್ಯಾಕ್ಟೀರಿಯಾಕ್ಕೆ 'ಇಂಡಾಲಜೀನ್ಸ್' ಅನ್ನೋ ದಾಯಾದಿ ಉಪಜಾತಿಯೊಂದಿದೆ. ಅದರ ಮಾದರಿ ತಳಿ ಸಿಕ್ಕಿದ್ದು ಭಾರತದಲ್ಲಿ, ನಮ್ಮ ನವಣೆಯಲ್ಲಿ! ತುಣುಕನ್ನು ಸರಿಯಾಗಿ ಆರಿಸದಿದ್ದರೆ ಪರೀಕ್ಷೆ ದಾಯಾದಿಯನ್ನೇ ಕಳ್ಳ ಅಂತ ಹಿಡಿಯುತ್ತೆ. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಗೂ 'ಇದೆ' ಅಂದುಬಿಡಬಹುದು. ಸುಳ್ಳು 'ಇದೆ'ಯಿಂದ ಒಬ್ಬರ ಬೆಳೆ ಬಂದರಿನಿಂದ ವಾಪಸ್. ಸುಳ್ಳು 'ಇಲ್ಲ'ದಿಂದ ಹೊಸ ನಾಡಿಗೆ ರೋಗ.

ಜೀನೋಮ್ ಓದುವುದು ಇದಕ್ಕೇ. 2017ರಲ್ಲಿ ಡಿಸಿ283 ಎಂಬ ತಳಿಯ ಪೂರ್ತಿ ಜೀನೋಮ್ ಪ್ರಕಟವಾಯ್ತು. ಒಂದು ಕ್ರೋಮೋಸೋಮಿನ ಜೊತೆಗೆ ಹತ್ತು ವೃತ್ತಾಕಾರದ ಪ್ಲಾಸ್ಮಿಡ್‌ಗಳು! ಇಬ್ಬರು ದಾಯಾದಿಗಳ ಜಾತಕ ಪಕ್ಕಪಕ್ಕ ಇಟ್ಟರೆ, ಒಬ್ಬನಲ್ಲಿದ್ದು ಇನ್ನೊಬ್ಬನಲ್ಲಿಲ್ಲದ ತುಣುಕನ್ನು ಹುಡುಕಬಹುದು.

ಬಾಡಿದ ಗಿಡದಿಂದ ಜಾತಕದವರೆಗೆ 120 ವರ್ಷ. ನಮ್ಮ ಕೋಡಿನಲ್ಲಿ ತಪ್ಪಾದರೆ ನಾಳೆ ತಿದ್ದಬಹುದು. ಗಡಿ ದಾಟಿ ಮೊಳೆತ ಬೀಜವನ್ನು ವಾಪಸ್ ಕರೆಯೋದು ಹೇಗೆ, ನೀವೇ ಹೇಳಿ?