ಪಟೇಲ, ತಳವಾರ, ತೋಟಿ: ಹಳ್ಳಿಯ ಕಾವಲಿನ ಕಥೆ

ಎದೆಯ ಮೇಲೆ ನಕ್ಷತ್ರದ ಬಿಲ್ಲೆ ಧರಿಸಿ ಕುದುರೆ ಏರಿ ಬರುವ ಅಮೆರಿಕದ ಷೆರಿಫ್ ಸಿನಿಮಾ ನೋಡುವವರಿಗೆಲ್ಲ ಪರಿಚಿತ. ಆ ಪದ ಮಾತ್ರ ಹಳೆಯ ಇಂಗ್ಲೆಂಡಿನದು. ‘ಷೈರ್’ ಎಂದರೆ ನಾಡು. ‘ರೀವ್’ ಎಂದರೆ ಅರಸನ ಪರವಾಗಿ ಅದನ್ನು ನೋಡಿಕೊಳ್ಳುವ ಮುಖ್ಯಸ್ಥ. ಎರಡೂ ಕೂಡಿ ಷೆರಿಫ್ ಆಯಿತು. ಕನ್ನಡದಲ್ಲಿ ಹೇಳಬೇಕೆಂದರೆ ನಾಡಗೌಡ ಎನ್ನಬಹುದು, ಇಲ್ಲವೇ ಯಲಹಂಕದ ಕೆಂಪೇಗೌಡರ ಬಿರುದಿನಂತೆ ನಾಡಪ್ರಭು ಎನ್ನಬಹುದು. ಬ್ರಿಟಿಷರು ಕಲ್ಕತ್ತ, ಮದರಾಸು, ಮುಂಬಯಿಗಳಿಗೆ ಷೆರಿಫ್ ಹುದ್ದೆಯನ್ನು ತಂದರು. ಅಲ್ಲಿ ಅದು ಬರಬರುತ್ತ ಗಣ್ಯರಿಗೆ ಕೊಡುವ ಅಲಂಕಾರದ ಪದವಿಯಾಯಿತು. ಮೈಸೂರಿಗೆ ಅದು ಬರಲೇ ಇಲ್ಲ. ಇಲ್ಲಿ ಊರೂರಿಗೂ ಪಟೇಲನಿದ್ದ.

ಪಟೇಲ ಎಂಬ ಹೆಸರು ಮರಾಠಿ ಕಡೆಯಿಂದ ಬಂದದ್ದು. ಹುದ್ದೆ ಅದಕ್ಕಿಂತ ಬಹಳ ಹಿಂದಿನದು. ಶಾಸನಗಳು ಅವನನ್ನು ಗಾವುಂಡ ಎನ್ನುತ್ತವೆ. ಇಂದಿನ ‘ಗೌಡ’ ಆ ಮಾತಿನ ಸವೆದ ರೂಪ. ಇಂದು ಗಾಜಿನ ಕಟ್ಟಡಗಳು ನಿಂತಿರುವ ನೆಲದಲ್ಲೇ ಇದಕ್ಕೆ ಸಾಕ್ಷಿಯಿದೆ. ವೈಟ್‌ಫೀಲ್ಡ್ ಪಕ್ಕದ ಕಾಡುಗೋಡಿಯ ಚೋಳರ ಕಾಲದ ಶಾಸನ (1043) ಪೆರ್ಮಾಡಿ ಗಾವುಂಡನ ಮಗ ರಾಜರಾಜ ವೇಳಾನ್ ಪಟ್ಟಂದೂರು ಕೆರೆಯನ್ನು ಕಟ್ಟಿಸಿದ್ದನ್ನು ದಾಖಲಿಸುತ್ತದೆ. ಐ.ಟಿ. ಪಾರ್ಕ್ ಇರುವುದು ಇದೇ ಪಟ್ಟಂದೂರು ಅಗ್ರಹಾರದ ಆಸುಪಾಸಿನಲ್ಲಿ. ಎಲೆಕ್ಟ್ರಾನಿಕ್ ಸಿಟಿಗೆ ಹತ್ತಿರದ ಬೇಗೂರಿನ ವೀರಗಲ್ಲು ಇನ್ನೂ ಹಳೆಯದು, ಗಂಗರ ಎರೆಯಪ್ಪನ ಕಾಲದ್ದು. ಎರೆಯಪ್ಪನ ಆಜ್ಞೆಯಂತೆ ಯುದ್ಧಕ್ಕೆ ಹೋದ ನಾಗತ್ತರನು ಹೋರಾಡಿ ಸತ್ತ. ಅರಸ ಅವನ ಪಟ್ಟವನ್ನು ಇರುಗ ಎಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು, ಎಂದರೆ ಬೇಗೂರು ಸೀಮೆಯ ಹನ್ನೆರಡು ಹಳ್ಳಿಗಳನ್ನು, ಕೊಟ್ಟ. ಈಗ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಊರನ್ನು ಕಾಯುವವನಿಗೆ ಸಂಬಳದ ಬದಲು ನೆಲ ಕೊಡುವ ಪದ್ಧತಿ ಎಷ್ಟು ಹಳೆಯದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇಕಿಲ್ಲ.

ಪಟೇಲ ಒಂಟಿಯಾಗಿ ಊರು ಕಾಯುತ್ತಿದ್ದನೆಂದು ಯಾರೂ ಭಾವಿಸಬೇಕಿಲ್ಲ. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ 1810ರಲ್ಲೇ ಹಳ್ಳಿಯ ಹನ್ನೆರಡು ಮಂದಿ ಆಯಗಾರರ ಪಟ್ಟಿ ಕೊಟ್ಟಿದ್ದಾನೆ. ಸುಗ್ಗಿಯ ಕಾಲದಲ್ಲಿ ಕಣದಿಂದ ಧಾನ್ಯದ ಪಾಲು, ಅಂದರೆ ‘ಆಯ’, ಪಡೆಯುವವರಾದ್ದರಿಂದ ಅವರು ಆಯಗಾರರು. ಲೆಕ್ಕಕ್ಕೆ ಶಾನುಭೋಗ, ಕೆರೆಯ ನೀರು ಹಂಚಲು ನೀರಗಂಟಿ, ಕಾವಲಿಗೆ ತಳವಾರ ಮತ್ತು ತೋಟಿ. ರಾತ್ರಿ ಗಸ್ತು ತಿರುಗುವುದು, ಊರಿಗೆ ಬಂದ ಅಪರಿಚಿತನ ಮೇಲೆ ಕಣ್ಣಿಡುವುದು, ಕಳ್ಳನ ಹೆಜ್ಜೆಯ ಜಾಡು ಹಿಡಿಯುವುದು, ಪೈರು ಕಾಯುವುದು, ಕಂದಾಯದ ಹಣದೊಂದಿಗೆ ಕಸಬೆಗೆ ನಡೆಯುವುದು, ಇವೆಲ್ಲ ಈ ಇಬ್ಬರ ಪಾಲು. ಚಾವಡಿಯಲ್ಲಿ ಕೂತು ಅಪ್ಪಣೆ ಕೊಡುವುದು ಪಟೇಲನ ಪಾಲು. ಊರಿನ ಗೌರವವೆಲ್ಲ ಪಟೇಲನಿಗೆ ಸಲ್ಲುತ್ತಿತ್ತು. ಹಲವೆಡೆ ದಲಿತ ಕುಟುಂಬಗಳಿಗೇ ಕಟ್ಟಿದ್ದ ತೋಟಿಯ ಕೆಲಸಕ್ಕೆ ಚಾವಡಿಯ ಜಗಲಿಯೂ ಸಿಗುತ್ತಿರಲಿಲ್ಲ.

1908ರ ಮೈಸೂರು ಗ್ರಾಮ ಹುದ್ದೆಗಳ ಕಾಯ್ದೆ ಈ ವಂಶಪಾರಂಪರ್ಯಕ್ಕೆ ಕಾನೂನಿನ ಚೌಕಟ್ಟು ಹಾಕಿತು. ಪಟೇಲ, ಶಾನುಭೋಗರಿಗೆ ಸರ್ಕಾರದಿಂದ ‘ಪೊಟಗಿ’ ಸಲ್ಲುತ್ತಿತ್ತು. ತೋಟಿ, ತಳವಾರ, ನೀರಗಂಟಿಗಳಿಗೆ ಇನಾಂ ಜಮೀನೇ ಆಧಾರ. ಪೊಲೀಸ್ ಕೆಲಸದ ಮಟ್ಟಿಗೆ 1898ರ ದಂಡಪ್ರಕ್ರಿಯಾ ಸಂಹಿತೆಯ 45ನೇ ಕಲಂ ಗ್ರಾಮ ಮುಖ್ಯಸ್ಥ ಮತ್ತು ಕಾವಲುಗಾರರ ಹೊಣೆಯನ್ನು ವಿವರಿಸಿತ್ತು. ಕಳ್ಳಮಾಲು ಕೊಳ್ಳುವವನು ಊರಲ್ಲಿ ನೆಲೆಸಿದರೆ, ತಪ್ಪಿಸಿಕೊಂಡ ಕೈದಿ ಹಾದು ಹೋದರೆ, ಯಾರಾದರೂ ಅಸಹಜವಾಗಿ ಸತ್ತರೆ ಕೂಡಲೇ ಠಾಣೆಗೆ ಇಲ್ಲವೇ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತೋರಿಕೆಗೆ ಸಣ್ಣ ಕೆಲಸ. ಯಾವ ಸಾವು ಅಸಹಜ ಎಂದು ಮೊದಲು ತೀರ್ಮಾನಿಸುವವನು ಪಟೇಲನೇ ಆದಾಗ, ಆ ಸಣ್ಣ ಕೆಲಸದಲ್ಲಿ ಎಷ್ಟು ಅಧಿಕಾರ ಅಡಗಿತ್ತೆಂಬುದನ್ನು ಊಹಿಸಬಹುದು. ಅಮೆರಿಕದ ಷೆರಿಫ್‌ನನ್ನು ಜನ ಮತ ಹಾಕಿ ಆರಿಸುತ್ತಾರೆ, ಬೇಡವೆಂದರೆ ಇಳಿಸುತ್ತಾರೆ. ಪಟೇಲಿಕೆಗೆ ಹುಟ್ಟೇ ಅರ್ಹತೆ.

ಸ್ವಾತಂತ್ರ್ಯ ಬಂದ ಮೇಲೆ ಇದು ಸಂವಿಧಾನಕ್ಕೆ ಎದುರಾಯಿತು. ಆಂಧ್ರದ ಗ್ರಾಮ ಮುನ್ಸೀಫ್ ಹುದ್ದೆಯ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು 1960ರ ಡಿಸೆಂಬರಿನಲ್ಲಿ, ವಂಶದ ಆಧಾರದ ಮೇಲೆ ಸರ್ಕಾರಿ ಹುದ್ದೆ ಕೊಡುವುದು 16ನೇ ಅನುಚ್ಛೇದಕ್ಕೆ ವಿರುದ್ಧ ಎಂದು ಹೇಳಿತು. ಮೈಸೂರು ರಾಜ್ಯ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಮಾಡಿತು. ಅದು 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಹುದ್ದೆ ಕಳೆದುಕೊಂಡವರು ಸುಪ್ರೀಂ ಕೋರ್ಟಿನವರೆಗೆ ಹೋದರೂ 1966ರಲ್ಲಿ ಕಾಯ್ದೆಯೇ ಊರ್ಜಿತವಾಯಿತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗ ಬಂದ. ಪಟೇಲನ ಪೊಲೀಸ್ ಕೆಲಸಕ್ಕೆ ಮಾತ್ರ ಅಂಥ ಉತ್ತರಾಧಿಕಾರಿ ಸಿಗಲಿಲ್ಲ. ಗ್ರಾಮ ರಕ್ಷಣಾ ದಳಗಳಿಗಾಗಿ 1964ರಲ್ಲಿ ಬೇರೆ ಕಾಯ್ದೆಯಾಯಿತು; ಅದು ಪಟೇಲನ ಜಾಗ ತುಂಬಿತೆನ್ನಲಾಗದು. ಬೆಂಗಳೂರು ನಗರಕ್ಕೆ ಮೊದಲ ಪೊಲೀಸ್ ಕಮಿಷನರ್ ಆಗಿ ಸಿ. ಚಾಂಡಿಯವರು ಬಂದದ್ದೂ 1963ರಲ್ಲೇ. ಅಂದು ಪೀಣ್ಯ, ಹೂಡಿ, ದೊಡ್ಡತೋಗೂರುಗಳು ನಗರದ ಹೊರಗಿನ ಹಳ್ಳಿಗಳು. ಇಂದು ಅವೆಲ್ಲ ಅದೇ ಕಮಿಷನರ್ ಕಚೇರಿಯ ವ್ಯಾಪ್ತಿಯಲ್ಲಿವೆ. ವಿಚಿತ್ರವೆಂದರೆ ಆ ಹಳೆಯ 45ನೇ ಕಲಂ ಸಾಯಲಿಲ್ಲ. 1973ರ ಸಂಹಿತೆಯಲ್ಲಿ ಉಳಿಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಉಳಿದಿದೆ.

ಹುದ್ದೆಯೊಂದಿಗೆ ಅದರ ಇನಾಂ ಜಮೀನೂ ಸರ್ಕಾರಕ್ಕೆ ಸೇರಿತು. ಆದರೆ ಹುದ್ದೆಯಲ್ಲಿದ್ದವರಿಗೆ ಅದನ್ನು ಮರುಮಂಜೂರು ಮಾಡಲು ಕಾಯ್ದೆಯಲ್ಲೇ ಅವಕಾಶವಿತ್ತು. ತಲೆಮಾರುಗಳಿಂದ ಬಿಟ್ಟಿ ದುಡಿದ ತೋಟಿಗೆ ನೆಲದ ಒಡೆತನ ಸಿಗುವ ಸಂದರ್ಭ ಅದು. 1978ರ ತಿದ್ದುಪಡಿ, ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡಕೂಡದೆಂದು ವಿಧಿಸಿತು. ಕೊನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನಲ್ಲಿ ಕಿಯೋನಿಕ್ಸ್ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿದ್ದೂ ಅದೇ 1978ರಲ್ಲಿ. ಹದಿನೈದು ವರ್ಷ ಕಳೆಯುವ ಹೊತ್ತಿಗೆ ರಾಗಿ ಹೊಲಗಳಿಗೆ ಬೇರೆಯೇ ಬೆಲೆ ಬಂದಿತ್ತು. ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯಲು ಬಂದ ಇನ್ನೊಂದು ಕಾಯ್ದೆಯೂ 1978ರದ್ದೇ. ಅದಾದರೂ ತೋಟಿಯ ನೆರವಿಗೆ ಬರಬೇಕಿತ್ತು. ಅದರ ವ್ಯಾಖ್ಯೆ ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ ಜಮೀನನ್ನು ಹೊರಗಿಟ್ಟಿದೆ.

ಈಗ ಈ ಭಾಗದಲ್ಲಿ ಮನೆ, ನಿವೇಶನ ಕೊಳ್ಳುವವರ ವಕೀಲರು ಹಳೆಯ ಕಾಗದಗಳಲ್ಲಿ ‘ತೋಟಿ ಇನಾಂ’, ‘ನೀರಗಂಟಿ ಇನಾಂ’ ಎಂಬ ನಮೂದು ಕಂಡರೆ ಮೊದಲು ಕೇಳುವುದು ಮರುಮಂಜೂರಾತಿ ಆದೇಶದ ನಕಲನ್ನು. ಅದು ಯಾವ ದಿನಾಂಕದ್ದು, ಮಾರಾಟ ಅದಕ್ಕೆ ಮೊದಲೋ ನಂತರವೋ ಎಂಬುದರ ಮೇಲೆ ಕ್ರಯಪತ್ರದ ಭವಿಷ್ಯ ನಿಂತಿರುತ್ತದೆ.