ರುಫಿಜಿ ನದಿಯ ದಂಡೆಯಲ್ಲಿ

ಆಫ್ರಿಕದ ನದಿಗಳೆಂದರೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುವು ನೈಲ್, ಕಾಂಗೋ, ಜಾಂಬೆಜಿ, ಇಷ್ಟೆ. ರುಫಿಜಿಯ ಹೆಸರು ನಮ್ಮ ಭೂಗೋಳದ ಪಾಠಗಳಲ್ಲಿಯೂ ಅಪರೂಪ. ಟಾಂಜಾನಿಯಾ ದೇಶದ ದಕ್ಷಿಣ ಭಾಗದಲ್ಲಿ ಕಿಲೊಂಬೆರೊ, ಲುವೆಗು ಎಂಬ ಎರಡು ಹೊಳೆಗಳು ಕೂಡಿ ರುಫಿಜಿಯಾಗುತ್ತವೆ. ಮುಂದೆ ಮಹಾ ರುವಾಹಾ ನದಿ ಬಂದು ಸೇರುತ್ತದೆ. ಸುಮಾರು 600 ಕಿಲೋಮೀಟರ್ ಹರಿದು, ಮಾಫಿಯಾ ದ್ವೀಪದ ಎದುರಿಗೆ ಹಲವು ಕವಲುಗಳಾಗಿ ಒಡೆದು ಈ ನದಿ ಹಿಂದೂ ಮಹಾಸಾಗರಕ್ಕೆ ಬೀಳುತ್ತದೆ.

ದಾರ್ ಎಸ್ ಸಲಾಮ್ ನಗರದಲ್ಲಿ ಉದ್ಯೋಗದಲ್ಲಿರುವ ಬಂಧುಗಳ ದೆಸೆಯಿಂದ 2023ರ ಆಗಸ್ಟ್ ತಿಂಗಳಿನಲ್ಲಿ ಈ ನದಿಯನ್ನು ಕಾಣುವ ಯೋಗ ನನಗೆ ಒದಗಿತು. ಅಲ್ಲಿ ಅದು ಮಳೆಯಿಲ್ಲದ ಒಣ ಕಾಲ. ಮರಳದಿಣ್ಣೆಗಳ ಮೇಲೆ ಮೊಸಳೆಗಳು ಬಾಯಿ ತೆರೆದು ಮಲಗಿದ್ದವು. ಆಳವಾದ ಕಡೆಗಳಲ್ಲಿ ನೀರಾನೆಗಳು ಕಿವಿ ಮೂಗುಗಳನ್ನಷ್ಟೆ ಮೇಲಿಟ್ಟು, ದೋಣಿಯ ಸದ್ದಿಗೆ ಗೊರಗುಟ್ಟಿ ಮುಳುಗುತ್ತಿದ್ದವು. ದಂಡೆಯ ಉದ್ದಕ್ಕೂ ನಮ್ಮ ತಾಳೆಯ ಒಡಹುಟ್ಟಿನಂಥ ಮರಗಳು. ಅವುಗಳ ನೆರಳಿನಲ್ಲಿ ಆನೆಗಳು. ನಾನು ಮೇಷ್ಟ್ರೆಂದು ತಿಳಿದ ದೋಣಿಯವರು ನನ್ನನ್ನು ‘ಮ್ವಾಲಿಮು’ ಎಂದು ಕರೆಯತೊಡಗಿದರು. ಸ್ವಾಹಿಲಿಯಲ್ಲಿ ಗುರುವಿಗೆ ಅದೇ ಮಾತು. ಆ ದೇಶದ ಮೊದಲ ಅಧ್ಯಕ್ಷರಾದ ಜೂಲಿಯಸ್ ನೈರೇರೆಯವರನ್ನು ಜನ ಇಂದಿಗೂ ನೆನೆಯುವುದು ಆ ಹೆಸರಿನಿಂದಲೇ.

ಇಂಥ ನೋಟವನ್ನು ಕಂಡವರು ‘ಮನುಷ್ಯನ ಕೈ ಸೋಂಕದ ಕಾಡು’ ಎಂದು ಹಾಡಿ ಹೊಗಳುವುದು ವಾಡಿಕೆ. ಈ ಕಾಡಿನ ವಿಸ್ತಾರವೂ ಅಂಥದೇ. ಸೆಲೂಸ್ ಮೀಸಲು ಎಂದು ಹೆಸರಾದ ಈ ಪ್ರದೇಶ ಸುಮಾರು 50,000 ಚದರ ಕಿಲೋಮೀಟರ್. ಕರ್ನಾಟಕದ ಕಾಲುಭಾಗಕ್ಕಿಂತ ಮಿಗಿಲು. ಇಷ್ಟು ನೀರಿದ್ದು, ಇಷ್ಟು ನೆಲವಿದ್ದು, ಇಲ್ಲಿ ಉಳುವವರೇ ಇರಲಿಲ್ಲವೆ? ಈ ಪ್ರಶ್ನೆಗೆ ಉತ್ತರವನ್ನು ಪ್ರಾಣಿಶಾಸ್ತ್ರದಲ್ಲಿ ಹುಡುಕುವುದಕ್ಕಿಂತ ಚರಿತ್ರೆಯಲ್ಲಿ ಹುಡುಕುವುದು ಒಳ್ಳೆಯದು.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ನಾಡು ಜರ್ಮನರ ವಶವಾಯಿತು. ಗವರ್ನರ್ ವಿಸ್‌ಮನ್ 1896ರಲ್ಲಿ ಬೇಟೆಯ ಕಾಯಿದೆಯನ್ನು ಹೊರಡಿಸಿ, ರುಫಿಜಿಯ ಬಳಿ ಒಂದು ಮೀಸಲನ್ನು ಏರ್ಪಡಿಸಿದ. ಕೈಸರನು ಈ ಕಾಡನ್ನು ತನ್ನ ಹೆಂಡತಿಗೆ ಉಡುಗೊರೆಯಾಗಿ ಕೊಟ್ಟನೆಂಬ ಕತೆ ಜನರಲ್ಲಿ ಹುಟ್ಟಿಕೊಂಡಿತು. ‘ಶಾಂಬಾ ಲಾ ಬೀಬಿ’, ಅಂದರೆ ದೊರೆಸಾನಿಯ ಹೊಲ, ಎಂಬ ಹೆಸರು ಹೀಗೆ ಬಂದದ್ದು. ತಮ್ಮ ಹೊಲ ಇನ್ನೊಬ್ಬರದಾದ ಬಗೆಯನ್ನು ಜನ ಒಂದು ಹೆಸರಿನಲ್ಲಿ ಕಟ್ಟಿಟ್ಟಿದ್ದಾರೆ.

ಮೇಲಿಂದ ಮೇಲೆ ತೆರಿಗೆ, ಬಿಟ್ಟಿ ಕೆಲಸ, ಅದರ ಮೇಲೆ ಬಲವಂತದ ಹತ್ತಿ ಬೇಸಾಯ. ತಮ್ಮ ಹೊಟ್ಟೆಯ ಬೆಳೆಯನ್ನು ಬಿಟ್ಟು ಪರರ ಗಿರಣಿಗೆ ಹತ್ತಿ ಬೆಳೆಯಬೇಕಾದ ಜನ ಒಳಗೊಳಗೇ ಕುದಿಯುತ್ತಿದ್ದರು. ಆಗ ನದಿಯ ದಕ್ಷಿಣಕ್ಕೆ ನ್ಗಾರಂಬೆ ಎಂಬ ಊರಿನಲ್ಲಿ ಕಿಂಜಿಕಿಟಿಲೆ ಎಂಬಾತನ ಮೈಮೇಲೆ ದೈವ ಬಂದಿತೆಂದು ಸುದ್ದಿಯಾಯಿತು. ಅವನು ಹೊಳೆಯ ಮಡುವಿನಲ್ಲಿ ಮುಳುಗಿ, ಮಾರನೆಯ ದಿನ ಬಟ್ಟೆ ನೆನೆಯದೆ ಎದ್ದು ಬಂದನೆಂದು ಹೇಳುತ್ತಾರೆ. ನೀರಿಗೆ ಹರಳೆಣ್ಣೆಯನ್ನೂ ಧಾನ್ಯದ ಕಾಳನ್ನೂ ಬೆರಸಿ ಅವನು ಮದ್ದು ಕೊಟ್ಟ. ಇದನ್ನು ಪಡೆದವರಿಗೆ ತಗುಲುವ ಗುಂಡು ನೀರಾಗಿ ಹರಿದುಹೋಗುತ್ತದೆ ಎಂದ. ಸ್ವಾಹಿಲಿಯಲ್ಲಿ ‘ಮಾಜಿ’ ಎಂದರೆ ನೀರು. 1905ರ ಜುಲೈ ತಿಂಗಳಲ್ಲಿ ಮಾತುಂಬಿ ಗುಡ್ಡಗಳ ಜನ ಹತ್ತಿಯ ಗಿಡಗಳನ್ನು ಕಿತ್ತೆಸೆದರು. ಮಾಜಿ ಮಾಜಿ ದಂಗೆ ಆರಂಭವಾದದ್ದು ಹೀಗೆ.

ಇದನ್ನು ಮೂಢನಂಬಿಕೆಯೆಂದು ಸುಮ್ಮನೆ ತಳ್ಳಿಹಾಕುವಂತಿಲ್ಲ. ಬೇರೆ ಬೇರೆ ನುಡಿಯ, ಒಬ್ಬ ಅರಸನ ಕೆಳಗೆ ಎಂದೂ ಇರದ ಹಲವಾರು ಬುಡಕಟ್ಟುಗಳನ್ನು ಒಂದುಗೂಡಿಸಲು ಆ ಒಂದು ಬೊಗಸೆ ನೀರಿಗೆ ಸಾಧ್ಯವಾಯಿತು. ಕಿಂಜಿಕಿಟಿಲೆಯನ್ನು ಜರ್ಮನರು ಅದೇ ಆಗಸ್ಟ್ ತಿಂಗಳ ಮೊದಲಲ್ಲಿಯೇ ಗಲ್ಲಿಗೇರಿಸಿದರು. ಆದರೂ ದಂಗೆ ನಿಲ್ಲಲಿಲ್ಲ. ಮಹೆಂಗೆಯ ಕೋಟೆಯ ಮುಂದೆ ಮದ್ದನ್ನು ನಂಬಿ ಬಂದವರನ್ನು ಯಂತ್ರದ ಬಂದೂಕು ಸಾಲುಸಾಲಾಗಿ ಕೆಡವಿತು.

ಗುಂಡಿಗಿಂತ ಹೆಚ್ಚಾಗಿ ಕೊಂದದ್ದು ಹಸಿವು. ದಂಗೆಯನ್ನು ಅಡಗಿಸಲು ಜರ್ಮನರು ಊರುಗಳನ್ನು ಸುಟ್ಟರು, ಕಣಜಗಳನ್ನು ಬರಿದು ಮಾಡಿದರು, ನಿಂತ ಬೆಳೆಯನ್ನು ನಾಶಪಡಿಸಿದರು. 1907ರ ಹೊತ್ತಿಗೆ ಸತ್ತವರು 75,000 ಎಂದು ಆಳುವವರ ಲೆಕ್ಕ; ಎರಡೂವರೆಯಿಂದ ಮೂರು ಲಕ್ಷವೆಂದು ಆ ನಾಡಿನ ಚರಿತ್ರಕಾರ ಗ್ವಾಸಾ ಅವರ ಅಂದಾಜು. ಉಳುವವರಿಲ್ಲದ ಹೊಲಗಳಲ್ಲಿ ಪೊದೆ ಬೆಳೆಯಿತು. ಪೊದೆಯೊಂದಿಗೆ ನಿದ್ರಾರೋಗವನ್ನು ಹರಡುವ ಟ್ಸೆಟ್ಸೆ ನೊಣ ಬಂತು. ನೊಣವಿದ್ದೆಡೆ ದನಕರು ಬಾಳವು. ಕಾಡುಪ್ರಾಣಿಗಳಿಗೆ ಮಾತ್ರ ಅದರ ಬಾಧೆ ಕಡಮೆ. ಊರು ಹಿಂದೆ ಸರಿದಷ್ಟೂ ಕಾಡು ಮುಂದೆ ಬಂತು.

ಅನಂತರ ಮೊದಲ ಮಹಾಯುದ್ಧ. ‘ಕ್ಯೋನಿಗ್ಸ್‌ಬರ್ಗ್’ ಎಂಬ ಜರ್ಮನ್ ಯುದ್ಧನೌಕೆ ರುಫಿಜಿಯ ಕವಲುಗಳಲ್ಲಿ ಅಡಗಿದ್ದು, 1915ರ ಜುಲೈ 11ರಂದು ಬ್ರಿಟಿಷರ ಗುಂಡಿಗೆ ಈಡಾಯಿತು. ನಮ್ಮ ದೇಶದ ಸಿಪಾಯಿಗಳೂ ಬ್ರಿಟಿಷರ ಪರವಾಗಿ ಈ ನಾಡಿನಲ್ಲಿ ಕಾದಿದರು. 1917ರ ಜನವರಿ 4ರಂದು ಬೆಹೊ ಬೆಹೊ ಎಂಬಲ್ಲಿ ಹೆಸರಾಂತ ಬೇಟೆಗಾರ ಫ್ರೆಡರಿಕ್ ಸೆಲೂಸ್ ಗುಂಡೇಟಿನಿಂದ ಸತ್ತ. ಆಗ ಅವನಿಗೆ 65 ವರ್ಷ. ಹುಣಿಸೆಮರದ ಕೆಳಗೆ ಅವನ ಸಮಾಧಿಯಾಯಿತು. 1922ರಲ್ಲಿ ಇಡೀ ಕಾಡಿಗೆ ಅವನ ಹೆಸರೇ ಬಂತು. 1940ರ ದಶಕದಲ್ಲಿ ಬ್ರಿಟಿಷ್ ಸರ್ಕಾರ ನಿದ್ರಾರೋಗದ ಕಾರಣವನ್ನು ಮುಂದಿಟ್ಟು ಲಿವಾಲೆಯ ಕಡೆ ಅಳಿದುಳಿದ ಸಾವಿರಾರು ಜನರನ್ನು ಎಬ್ಬಿಸಿ ಹೊರಗೆ ನೆಲೆಗೊಳಿಸಿತು. ಮೀಸಲು ಇನ್ನಷ್ಟು ಹರಡಿತು. ನಿರ್ಜನತೆ ಹೀಗೆ ಕಂತುಕಂತಾಗಿ ಸಂಪೂರ್ಣವಾಯಿತು.

ಮನುಷ್ಯನಿಲ್ಲದ ಕಾಡಿನಲ್ಲಿ ಆನೆಯಾದರೂ ನೆಮ್ಮದಿಯಾಗಿತ್ತೇ ಎಂದರೆ ಅದೂ ಇಲ್ಲ. 1970ರ ದಶಕದಲ್ಲಿ ಲಕ್ಷಕ್ಕೆ ಮಿಕ್ಕಿದ್ದ ಆನೆಗಳು ದಂತದ ಕಳ್ಳರ ಕೈಗೆ ಸಿಕ್ಕಿ 2014ರ ಹೊತ್ತಿಗೆ ಸುಮಾರು 15,000ಕ್ಕೆ ಇಳಿದವು. 2019ರಲ್ಲಿ ಮೀಸಲಿನ ದೊಡ್ಡ ಭಾಗ ನೈರೇರೆ ರಾಷ್ಟ್ರೀಯ ಉದ್ಯಾನವಾಯಿತು. ಅದೇ ವರ್ಷ ಸ್ಟೀಗ್ಲರ್ ಕಮರಿಯಲ್ಲಿ 2,115 ಮೆಗಾವಾಟ್ ವಿದ್ಯುತ್ತಿನ ಅಣೆಕಟ್ಟೆಯ ಕೆಲಸವೂ ಮೊದಲಾಯಿತು. 2024ರಲ್ಲಿ ವಿದ್ಯುತ್ತು ಹರಿಯಿತು. ದೀಪವಿಲ್ಲದ ಮನೆಗೆ ದೀಪ ಬೇಡವೆನ್ನಲು ನಾವು ಯಾರು? ಆದರೆ ಕೆಳಗಿನ ಬಯಲಿನಲ್ಲಿ ನೆರೆಯ ಮೆಕ್ಕಲನ್ನು ನೆಚ್ಚಿ ಭತ್ತ ಬೆಳೆಯುವವರ ಪಾಡನ್ನೂ ಕೇಳಬೇಕಾದೀತು.

ಈ ನದಿಯ ಕಥೆಯಲ್ಲಿ ನನಗೆ ಹಿರಿದಾಗಿ ತೋರಿದ್ದು ನೆನಪಿನ ಹಂಚಿಕೆಯ ಅನ್ಯಾಯ. ಒಬ್ಬ ಬೇಟೆಗಾರನಿಗೆ ಕಲ್ಲು, ಕಂಚಿನ ಫಲಕ, ಕಾಡಿಗೆ ಕಾಡೇ ಹೆಸರು. ಹಸಿದು ಸತ್ತ ಲಕ್ಷದಷ್ಟು ಜನಕ್ಕೆ ಬಹುಕಾಲ ಏನೂ ಇಲ್ಲ. ಅವರ ಪಾಲಿನ ನೆನಪನ್ನು ಕೂಡಿಸಿಟ್ಟವರು ಮೇಷ್ಟರೂ ವಿದ್ಯಾರ್ಥಿಗಳೂ ಕವಿಗಳೂ. 1968ರಲ್ಲಿ ದಾರ್ ಎಸ್ ಸಲಾಮಿನ ವಿದ್ಯಾರ್ಥಿಗಳು ಹಳ್ಳಿಹಳ್ಳಿಗೆ ಹೋಗಿ ಮುದುಕರ ಬಾಯಿಂದ ದಂಗೆಯ ಸಂಗತಿಗಳನ್ನು ಬರೆದುಕೊಂಡರು. ಮರುವರ್ಷ ಇಬ್ರಾಹಿಂ ಹುಸೇನ್ ಕಿಂಜಿಕಿಟಿಲೆಯ ಬಗೆಗೆ ಸ್ವಾಹಿಲಿಯಲ್ಲಿ ನಾಟಕ ಬರೆದರು. ಗುಂಡು ನೀರಾಗಲಿಲ್ಲ, ನಿಜ. ಆದರೆ ಆ ನೀರಿನ ಮಾತು ಸಾಯಲೂ ಇಲ್ಲ. ಕಾಡನ್ನು ನೋಡಹೋಗುವವರು ಆನೆಗಳನ್ನು ಎಣಿಸಲಿ. ಇಲ್ಲಿ ಹಿಂದೆ ಯಾರ ಒಲೆ ಉರಿಯುತ್ತಿತ್ತು ಎಂಬುದನ್ನೂ ಕೇಳಲಿ.